ಸೋಸಿ ಕೊಟ್ಟ ನೀರು

ನನ್ನ ಮೊಮ್ಮಗಳ ಎಂ.ಎಸ್ಸಿ. ಪುಸ್ತಕದಲ್ಲಿದ್ದ ಅಳತೆಯೆಲ್ಲ ಸುಳ್ಳು. ಸುಳ್ಳು ಮಾಡಿದವಳು ನಾನು. ಮನೆಯವರು ಈಗಲೂ "ವಯಸ್ಸಾಯಿತಲ್ಲ, ಪಾಪ, ಗೊತ್ತಾಗಲಿಲ್ಲ" ಎನ್ನುತ್ತಾರೆ. ಗೊತ್ತಾಗದೆ ಮಾಡಿದ್ದಲ್ಲ, ಗೊತ್ತಿದ್ದೇ ಮಾಡಿದ್ದು. ಅದರಿಂದ ಏನಾಗುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ನಮ್ಮ ಮನೆ ನಾರಾವಿಯಿಂದ ಸ್ವಲ್ಪ ಒಳಗೆ, ಬಸದಿಯ ಪಕ್ಕ. ಮಗಳನ್ನು ಬಂಟ್ವಾಳಕ್ಕೆ ಕೊಟ್ಟದ್ದು. ಅವಳ ಮಗಳು ಮಂಗಳೂರು ಕಡೆ ಹಾಸ್ಟೆಲಿನಲ್ಲಿದ್ದು ಪರಿಸರದ ಬಗ್ಗೆ ಎಂ.ಎಸ್ಸಿ. ಮಾಡುತ್ತಿದ್ದಳು. ಕೊನೆಯ ವರ್ಷ ಒಂದು ಪುಸ್ತಕ ಬರೆದು ಕೊಡಬೇಕು, ಅದು ಪಾಸಾದರೆ ಮಾತ್ರ ಡಿಗ್ರಿ. ಜೂನಿನಲ್ಲಿ ಒಂದು ಕೆಲಸ ಅವಳಿಗಾಗಿ ಕಾದಿತ್ತು; ಡಿಗ್ರಿಯ ಕಾಗದ ತೋರಿಸಿ ಸೇರುವುದು ಎಂದು ಮಾತಾಗಿತ್ತು.

ಅವಳು ಆರಿಸಿಕೊಂಡ ವಿಷಯ ನಮ್ಮ ಊರಿನದ್ದೇ. ಮನೆ ಕಟ್ಟಲಿಕ್ಕೆ ಮುರಕಲ್ಲು ಎಂಬ ಕೆಂಪು ಕಲ್ಲು ಕಡಿದು ಹಾಗೆಯೇ ಬಿಟ್ಟ ಹೊಂಡಗಳು ನಮ್ಮ ಗುಡ್ಡೆಗಳಲ್ಲಿ ಬೇಕಾದಷ್ಟುಂಟು. ಅಂಥ ಹೊಂಡದ ಕೆಳಗಿನ ಬಾವಿಗಳ ನೀರು ಹೇಗಿರುತ್ತದೆ ಎಂದು ಅವಳು ನೋಡಬೇಕಿತ್ತು. ಹೊಂಡ ನನ್ನ ತಮ್ಮನದ್ದು. ಬಾವಿ ಮೂರು: ಗುಡ್ಡೆಯ ಬುಡದಲ್ಲಿರುವ ತಮ್ಮನದ್ದು, ಅದರ ಕೆಳಗೆ ರಸ್ತೆ ಬದಿಯ ಅಂಗಡಿಯ ಬ್ಯಾರಿಯದ್ದು (ನಮ್ಮ ಕಡೆಯ ಮುಸಲ್ಮಾನರು ಅವರು), ಅದಕ್ಕೂ ಕೆಳಗೆ ನಮ್ಮದು. ಬಸದಿಗೆ ಹೋಗುವ ನೀರೂ ನಮ್ಮ ಬಾವಿಯದ್ದೇ.

ಹದಿನೈದು ದಿನಕ್ಕೊಮ್ಮೆ ಸೂರ್ಯ ಏಳುವ ಹೊತ್ತಿಗೆ ಮೂರು ಬಾವಿಯಿಂದಲೂ ನೀರು ತೆಗೆಯಬೇಕು. ಅವಳಿಗೆ ಪ್ರತಿ ಸಲ ಬರಲಿಕ್ಕೆ ಆಗುವುದಿಲ್ಲ, ಕ್ಲಾಸುಂಟು. ಹಾಗಾಗಿ ಆ ಕೆಲಸ ನನಗೆ ಬಂತು. ಡಿಸೆಂಬರಿನಲ್ಲಿ ಅವಳು ಬಂದು ಕಲಿಸಿದಳು.

"ಅಜ್ಜಿ, ಕೊಡಪಾನ ಮೆಲ್ಲ ಇಳಿಸಿ, ಮೆಲ್ಲ ಎಳೀರಿ. ಈ ರಬ್ಬರ್ ಟ್ಯೂಬಿನಲ್ಲಿ ನೀರು ಬಾಟ್ಲಿಯ ಬುಡಕ್ಕೆ ಹೋಗಬೇಕು. ತುಂಬಿ ಹೊರಗೆ ಚೆಲ್ಲಿದ ಮೇಲೆ ಮುಚ್ಚಿ. ಒಂದು ಗುಳ್ಳೆಯೂ ಒಳಗೆ ಉಳಿಯಬಾರದು."

"ಉಳಿದರೆ ಎಂತ ಆಗ್ತದೆ?"

"ನೀರಿನಲ್ಲಿ ಎಷ್ಟು ಗಾಳಿ ಉಂಟು ಅಂತ ಅಳೆಯುವುದು ನಾನು. ಹೊರಗಿನ ಗಾಳಿ ಸೇರಿದ್ರೆ ಲೆಕ್ಕ ತಪ್ತದೆ."

"ನೀರಿನೊಳಗೆ ಗಾಳಿಯಾ?"

"ಮತ್ತೆ ನಿಮ್ಮ ಬಾವಿಯ ಮೀನು ಉಸಿರಾಡುವುದು ಹೇಗೆ?"

ಬಾಟ್ಲಿ ತುಂಬಿದ ಮೇಲೆ ಎರಡು ಮದ್ದು ಹಾಕಬೇಕು. ನನಗೆ ಗುರುತಾಗಲಿ ಎಂದು ಒಂದು ಕುಪ್ಪಿಗೆ ಕೆಂಪು ನೂಲು, ಇನ್ನೊಂದಕ್ಕೆ ಕಪ್ಪು ನೂಲು ಕಟ್ಟಿದ್ದಳು. ಮೊದಲು ಕೆಂಪು, ಆಮೇಲೆ ಕಪ್ಪು. ಮುಚ್ಚಿ ಹದಿನೈದು ಸಲ ತಲೆಕೆಳಗೆ ಮಾಡಬೇಕು. ಆಗ ಕಂದು ಬಣ್ಣದ ಹಿಟ್ಟಿನ ಹಾಗಿನದ್ದು ಹುಟ್ಟಿ ಬುಡಕ್ಕೆ ಇಳಿಯುತ್ತದೆ. ಗಾಳಿ ಜಾಸ್ತಿ ಇದ್ದಷ್ಟೂ ಕಂದು ಜಾಸ್ತಿ.

"ಕಪ್ಪು ನೂಲಿನದ್ದು ಕೈಗೆ ತಾಗಿಸಬೇಡಿ, ಸುಡ್ತದೆ" ಎಂದಳು.

"ಚರ್ಮ ಸುಡುವುದನ್ನು ನೀರಿಗೆ ಹಾಕುವುದಾ?"

"ಎರಡು ತೊಟ್ಟು ಅಜ್ಜಿ. ಬಾಟ್ಲಿಯ ನೀರು ಯಾರೂ ಕುಡಿಯುವುದಿಲ್ಲ."

"ಬಿಳಿ ಬಂದರೆ?"

"ಬಿಳಿ ಬರುವುದಿಲ್ಲ. ಬಿಳಿ ಬಂದರೆ ಆ ನೀರಿನಲ್ಲಿ ಉಸಿರೇ ಇಲ್ಲ ಅಂತ ಅರ್ಥ."

ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಸುಡುವ ಮದ್ದು. ನಾವು ಜೈನರು. ಸೋಸದ ನೀರು ನಮ್ಮ ಅಡುಗೆಮನೆಯ ಹೊಸಿಲು ದಾಟುವುದಿಲ್ಲ. ನಾನು ಏಳು ವರ್ಷದವಳಾಗಿದ್ದಾಗ ಅಮ್ಮ ಕೈಹಿಡಿದು ಕಲಿಸಿದ್ದು: ದಪ್ಪ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಪಾತ್ರೆಯ ಬಾಯಿಗೆ ಕಟ್ಟಿ ನೀರು ಹೊಯ್ಯಬೇಕು. ಆಮೇಲೆ ಬಟ್ಟೆಯನ್ನು ತಿರುಗಿಸಿ, ಅದರ ಮೇಲೆ ನೀರು ಬಿಟ್ಟು, ಅಂಟಿದ ಜೀವಗಳನ್ನು ಅದೇ ಬಾವಿಗೆ ಇಳಿಸಬೇಕು. ಬೇರೆ ಬಾವಿಗೆ ಬಿಡಬಾರದು, ಅಲ್ಲಿ ಅವು ಬದುಕುವುದಿಲ್ಲ. ಮೊಮ್ಮಗಳು ನಲ್ಲಿ ನೀರಿನಲ್ಲಿ ಬೆಳೆದವಳು, ಅವಳಿಗೆ ಇದೆಲ್ಲ ನೆನಪಿಲ್ಲ. ಅವಳು ಕೊಡಪಾನದಿಂದ ನೇರ ಬಾಟ್ಲಿಗೆ ತುಂಬಿ ಸುಡುವ ಮದ್ದು ಬಿಟ್ಟಾಗ ನಾನು ಬಾವಿಕಟ್ಟೆಯ ಆಚೆ ಮುಖ ತಿರುಗಿಸಿ ನಿಂತಿದ್ದೆ.

ಅವಳು ಬಸ್ಸು ಹತ್ತಿ ಹೋದ ಮೇಲಿನ ಮೊದಲ ಸಲವೇ ನಾನು ನೀರನ್ನು ಸೋಸಿದೆ. ಕೊಡಪಾನದ ನೀರನ್ನು ಬಟ್ಟೆಯ ಮೂಲಕ ಇನ್ನೊಂದು ಪಾತ್ರೆಗೆ ಹೊಯ್ದು, ಆ ಪಾತ್ರೆಯಿಂದ ಟ್ಯೂಬು ಹಾಕಿ ಬಾಟ್ಲಿ ತುಂಬಿದೆ. ಒಂದು ಗುಳ್ಳೆ ಬಿಡಲಿಲ್ಲ. ನೀರು ಅದೇ ನೀರು, ಜೀವಗಳು ಮಾತ್ರ ಉಳಿದವು ಎಂದುಕೊಂಡೆ. ಅವಳಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾಳೆ ಎಂದು ಗೊತ್ತಿತ್ತು.

ಬಾಟ್ಲಿಗಳನ್ನು ಥರ್ಮಕೋಲ್ ಪೆಟ್ಟಿಗೆಯಲ್ಲಿ ಐಸಿನ ಜೊತೆ ಇಟ್ಟು ಮೊದಲ ಬಸ್ಸಿನ ಕಂಡಕ್ಟರರ ಕೈಗೆ ಕೊಡುವುದು, ಮೊಮ್ಮಗಳು ಅತ್ತ ಕಡೆ ಇಳಿಸಿಕೊಳ್ಳುವುದು. ಐಸು ಕೊಡುತ್ತಿದ್ದದ್ದು ಅಂಗಡಿಯ ಬ್ಯಾರಿ.

"ಹೆದರಬೇಡಿ ಅಮ್ಮ, ಇದು ಸೋಡದ ಐಸು, ಮೀನಿಂದಲ್ಲ" ಎಂದು ಪ್ರತಿ ಸಲ ಹೇಳುವುದು ಅವರಿಗೆ ಅಭ್ಯಾಸವಾಗಿತ್ತು.

"ನಿಮ್ಮ ಮಾತು ನಂಬಿ ಮೂಗು ಮುಚ್ಚಿಕೊಂಡು ತಗೊಳ್ಳುವುದು" ಎಂದು ಹೇಳುವುದು ನನಗೆ.

ಡಿಸೆಂಬರಿನಲ್ಲಿ ಬಟ್ಟೆಯ ತುಂಬ ಜೀವ. ಸಾಸಿವೆಗಿಂತ ಸಣ್ಣವು, ಬೆಳಕಿಗೆ ಹಿಡಿದರೆ ಕುಪ್ಪಳಿಸುವಂಥವು. ಕೆಂಪು ನೂಲಿನ ತುಂಡಿನ ಹಾಗಿನ ಹುಳಗಳು. ತಮ್ಮನ ಬಾವಿಯದ್ದೇ ಹೆಚ್ಚು. ಬಾಟ್ಲಿಗಳೆಲ್ಲ ಒಳ್ಳೆಯ ಕಂದು.

ಜನವರಿಯಲ್ಲಿ ಗುಡ್ಡೆಗೆ ಟ್ಯಾಂಕರ್ ಬರಲು ಶುರುವಾಯಿತು. ವಾರಕ್ಕೆರಡು ಸಲ, ಮಧ್ಯಾಹ್ನ ಊರು ಮಲಗಿದ ಹೊತ್ತಿಗೆ. ಅದು ಮೇಲೆ ಹೋಗುವಾಗ ಕುಲುಕುವ ಸದ್ದು ಬೇರೆ, ಇಳಿಯುವಾಗ ಬೇರೆ. ಅದು ಹೋದ ಮೇಲೆ ಒಂದು ವಾಸನೆ ರಸ್ತೆಯಲ್ಲಿ ಕೂತುಕೊಳ್ಳುತ್ತಿತ್ತು, ಸಂಜೆಯವರೆಗೆ ಏಳುತ್ತಿರಲಿಲ್ಲ. ತಮ್ಮನನ್ನು ಕೇಳಿದೆ.

"ಗೊಬ್ಬರ ಅಕ್ಕ" ಎಂದ. "ಪೇಟೆಯ ಕಟ್ಟಡಗಳ ಕಕ್ಕಸು ಗುಂಡಿಯದ್ದು. ಹೊಂಡದಲ್ಲಿ ಒಣಗಲಿಕ್ಕೆ ಬಿಡುವುದು. ಮಳೆಗೆ ಮೊದಲು ತೆಗೆದು ತೋಟಕ್ಕೆ ಹಾಕುವುದು."

"ಒಣಗ್ತಾ ಉಂಟಾ?"

"ನೆಲ ಕುಡಿಯುತ್ತದಲ್ಲ! ಎಷ್ಟು ಹೊಯ್ದರೂ ಮರುದಿನ ಇಲ್ಲ."

ಅದನ್ನು ಅವನು ಸಂತೋಷದಿಂದಲೇ ಹೇಳಿದ. ಮುರಕಲ್ಲಿನ ತುಂಬ ತೂತು, ಮೇಲೆ ಹೊಯ್ದದ್ದು ಕೆಳಗೆ ಬರುತ್ತದೆ ಎಂದು ಮೊಮ್ಮಗಳು ಮೊದಲ ದಿನವೇ ಹೇಳಿದ್ದಳು. ಫೋನಿನಲ್ಲಿ ಅವಳಿಗೆ ಟ್ಯಾಂಕರಿನ ಸುದ್ದಿ ಹೇಳಿದೆ. ಅವಳು ಅದನ್ನು ಬರೆದುಕೊಂಡಳು. "ಹಾಗಾದರೆ ಇನ್ನು ಅಳತೆ ಇಳಿಯಬೇಕು ಅಜ್ಜಿ. ಒಂದು ಸಲವೂ ತಪ್ಪಿಸಬೇಡಿ" ಎಂದಳು. ಬೇರೆ ಪರೀಕ್ಷೆ ಮಾಡುವ ಯಂತ್ರ ಕೆಟ್ಟು ಕೂತಿತ್ತಂತೆ, ಕ್ರಿಮಿಯ ಪರೀಕ್ಷೆಗೆ ಅವಳ ಸರದಿ ಬಂದಿರಲಿಲ್ಲವಂತೆ. ನನ್ನ ಬಾಟ್ಲಿಗಳೇ ಅವಳಿಗೆ ಗತಿ.

ನಾನು ತಪ್ಪಿಸಲಿಲ್ಲ. ಅಳತೆಯೂ ಇಳಿಯಲಿಲ್ಲ.

ಇಳಿದದ್ದು ಬಟ್ಟೆಯಲ್ಲಿ. ಫೆಬ್ರವರಿಯ ಮೊದಲ ಸಲ ತಮ್ಮನ ಬಾವಿಯ ಬಟ್ಟೆಯಲ್ಲಿ ಕುಪ್ಪಳಿಸುವವು ಬೆರಳೆಣಿಕೆಯಷ್ಟಿದ್ದವು. ಕೆಂಪು ಹುಳಗಳು ಮಾತ್ರ ಗೊಂಚಲು ಗೊಂಚಲಾಗಿ ಬಂದವು. ಬಟ್ಟೆ ಹಿಂಡಿದರೆ ಕೈ ಜಾರುತ್ತಿತ್ತು, ಲೋಳೆ ಬಳಿದ ಹಾಗೆ. ಬಾವಿಯೊಳಗೆ ಬಗ್ಗಿ ನೋಡಿದೆ. ಸಣ್ಣ ಮೀನುಗಳೆಲ್ಲ ಮೇಲೆ ಬಂದು ನೀರಿನ ಮೈಗೆ ಬಾಯಿ ಒತ್ತಿ ನಿಂತಿದ್ದವು. ಸಾಲಾಗಿ, ಅಲುಗಾಡದೆ, ಬಾಯಿ ಮಾತ್ರ ತೆರೆದು ಮುಚ್ಚಿ. ನನ್ನ ನೆರಳು ಬಿದ್ದರೂ ಕೆಳಗೆ ಹೋಗಲಿಲ್ಲ. ಬಾಟ್ಲಿಗೆ ಮದ್ದು ಹಾಕಿದೆ. ಕಂದು ಬಂತು.

ಆ ವಾರ ಮೊಮ್ಮಗಳ ಫೋನು.

"ಅಜ್ಜಿ, ಮೂರೂ ಬಾವಿ ಚಂದ ಉಂಟು! ಸರ್‌ಗೂ ಆಶ್ಚರ್ಯ. ನೆಲವೇ ಸೋಸಿ ಶುದ್ಧ ಮಾಡ್ತಾ ಇರಬಹುದು, ಹಾಗೆ ಬರಿ ಅಂದ್ರು."

"ಮೀನು ಬಾಯಿ ತೆರೆದು ನಿಂತಿವೆ ಮಾರಾಯ್ತಿ."

"ಹಸಿವು ಇರಬೇಕು ಅವಕ್ಕೆ" ಎಂದು ನಕ್ಕಳು.

ಅವಳಿಗೆ ಅಂಕಿ ಇತ್ತು. ನನ್ನಲ್ಲಿದ್ದದ್ದು ಒಂದು ಬಟ್ಟೆ. ಅಂಕಿಯನ್ನು ನಂಬಬೇಕೆಂದು ನಾನೂ ಅಂದುಕೊಂಡೆ, ಅವಳು ಓದಿದವಳಲ್ಲವಾ.

ಮಾರ್ಚಿನಲ್ಲಿ ತಮ್ಮನ ಬಾವಿಯ ಮೀನು ಸತ್ತವು. ಅವನು ಬುಟ್ಟಿಯಲ್ಲಿ ಎತ್ತಿ ಹಾಕಿ, ಸೆಕೆಗೆ ಸತ್ತದ್ದು ಎಂದ. ಕಪ್ಪೆಗಳು ಎಲ್ಲಿ ಹೋದವೋ ಗೊತ್ತಿಲ್ಲ. ಬ್ಯಾರಿಯ ಬಾವಿಯ ಮೀನು ಆಗ ಮೇಲೆ ಬಂದು ನಿಂತವು, ಅದೇ ಥರ, ಸಾಲಾಗಿ. ಆಮೇಲಿನದ್ದು ಯಾವ ಬಾವಿ ಎಂದು ನಾನು ಲೆಕ್ಕ ಹಾಕಬೇಕಿರಲಿಲ್ಲ. ನಮ್ಮ ಮನೆಯ ನೀರು ಆಗಿನ್ನೂ ಕುಡಿಯಲಿಕ್ಕೆ ಸರಿಯಿತ್ತು. ಆದರೂ ಬೆಳಿಗ್ಗೆ ಕೊಡಪಾನ ಎಳೆಯುವಾಗ ಮೊದಲು ಮೂಸಿ ನೋಡುವ ಅಭ್ಯಾಸ ನನಗೆ ಬಂದದ್ದು ಆಗಲೇ.

ಐಸಿಗೆ ಹೋದಾಗ ಬ್ಯಾರಿ ಸೋಡದ ಮಾತು ಹೇಳಲಿಲ್ಲ.

"ಮನೆಯಲ್ಲಿ ಮಕ್ಕಳಿಬ್ಬರಿಗೂ ಭೇದಿ, ಅಮ್ಮ. ನಿಲ್ಲುವುದೇ ಇಲ್ಲ. ನೀರಿಂದಲಾ ಅಂತ ನಮ್ಮವಳು ಕೇಳ್ತಾಳೆ. ನಾನು ಹೇಳಿದೆ, ಅಮ್ಮನ ಪುಳ್ಳಿ ದೊಡ್ಡ ಕಾಲೇಜಿನಲ್ಲಿ ಪರೀಕ್ಷೆ ಮಾಡಿಸಿ ಒಳ್ಳೆ ನೀರು ಅಂತ ಬರೆದಿದ್ದಾಳೆ, ಸುಮ್ಮನೆ ಕುಡಿಯಿರಿ ಅಂತ."

"ನಿಮಗೆ ಯಾರು ಹೇಳಿದ್ದು?"

"ನಿಮ್ಮ ತಮ್ಮನವರು. ಟ್ಯಾಂಕರ್ ಬೇಡ ಅಂತ ನಾವು ಹೋಗಿ ಕೇಳಿದ್ದೆವು. ಅವರು ಹೇಳಿದ್ರು, ಕಾಲೇಜಿನವರೇ ಬರೆದು ಕೊಡ್ತಾರೆ, ಇನ್ನೆಂತ ಬೇಕು ಅಂತ."

ಐಸಿನ ಗಡ್ಡೆ ನನ್ನ ಕೈಯಲ್ಲೇ ಕರಗುತ್ತಿತ್ತು. ನಾನು ಪೆಟ್ಟಿಗೆಗೆ ಹಾಕುವುದನ್ನು ಮರೆತು ನಿಂತಿದ್ದೆ.

ಎಂಟನೇ ಸಲ, ಅದೇ ಕೊನೆಯದ್ದು. ತಮ್ಮನ ಬಾವಿಯ ನೀರನ್ನು ಎಂದಿನಂತೆ ಸೋಸಿದೆ. ಬಟ್ಟೆ ತಿರುಗಿಸಿ ನೋಡಿದರೆ ಕಪ್ಪು ನುಣುಪು ಮಾತ್ರ. ಒಂದು ಜೀವ ಇಲ್ಲ, ಕೆಂಪು ಹುಳವೂ ಇಲ್ಲ. ಬಾವಿಗೆ ಹಿಂದೆ ಬಿಡಲು ಏನೂ ಇಲ್ಲದೆ ನಾನು ಬಟ್ಟೆ ಹಿಡಿದು ನಿಂತದ್ದು ಆ ಒಂದು ದಿನ. ಹುಟ್ಟಿದ ಮೇಲೆ ಹಾಗೆ ನಿಂತದ್ದಿಲ್ಲ.

ಆಮೇಲೆ ತೋಚಿತು. ಇದರಲ್ಲಿ ಸಾಯುವಂಥದ್ದು ಏನೂ ಇಲ್ಲ ಎಂದ ಮೇಲೆ ಸೋಸುವುದು ಯಾರಿಗಾಗಿ? ಒಂದು ಬಾಟ್ಲಿ ಹೆಚ್ಚಿಗೆ ಇತ್ತು. ಅದರ ಕುತ್ತಿಗೆಗೆ ಹಗ್ಗ ಕಟ್ಟಿ, ಬುಡಕ್ಕೆ ಒಂದು ಕಲ್ಲು ಕಟ್ಟಿ, ನೇರ ನೀರಿನೊಳಗೆ ಇಳಿಸಿದೆ. ಒಳಗೆ ಗುಳುಗುಳು ನಿಂತ ಮೇಲೆ ಎಳೆದೆ. ಕೆಂಪು ನೂಲಿನದ್ದು ಹಾಕಿದೆ, ಕಪ್ಪು ನೂಲಿನದ್ದು ಹಾಕಿದೆ. ಮುಚ್ಚಿ ಹದಿನೈದು ಸಲ ತಿರುಗಿಸಿದೆ.

ಬಿಳಿ. ಅಕ್ಕಿ ತೊಳೆದ ನೀರಿನ ಹಾಗೆ ಬಿಳಿ. ಕಂದು ಆಗುತ್ತದೆಂದು ಕಾದೆ. ಬಿಸಿಲು ಬಾವಿಕಟ್ಟೆಗೆ ಏರುವವರೆಗೆ ಕಾದೆ. ಬಿಳಿ ಮೆಲ್ಲ ಬುಡಕ್ಕೆ ಇಳಿದು ಕೂತಿತು. ಪಕ್ಕದಲ್ಲಿ ಅದೇ ಬಾವಿಯ ಸೋಸಿದ ಬಾಟ್ಲಿ ಕಂದಾಗಿ ಇತ್ತು.

ಎತ್ತರದಿಂದ ಬಟ್ಟೆಯ ಮೇಲೆ ಹೊಯ್ಯುವಾಗ, ಹನಿಹನಿಯಾಗಿ ಪಾತ್ರೆಗೆ ಬೀಳುವಾಗ, ನೀರು ಹೊರಗಿನ ಗಾಳಿಯನ್ನೆಲ್ಲ ಕುಡಿಯುತ್ತದೆ. ತಿಂಗಳುಗಟ್ಟಲೆ, ಸಾಯುತ್ತಿದ್ದ ನೀರಿಗೆ ನಾನು ಉಸಿರು ತುಂಬಿ ಕಳಿಸಿದ್ದೆ. ಅದನ್ನು ಅವರು ಅಳೆದು, ಒಳ್ಳೆಯದುಂಟು ಎಂದು ಬರೆದಿದ್ದರು.

ಆ ಸಲದ ಪೆಟ್ಟಿಗೆಯನ್ನು ಬಸ್ಸಿಗೆ ಹಾಕಲಿಲ್ಲ. ಫೋನು ಮಾಡಿ ಮೊಮ್ಮಗಳನ್ನು ಬರಹೇಳಿದೆ. ಶನಿವಾರ ಬಂದಳು. ಟೈಪು ಮಾಡಿಸಿದ ಹಾಳೆಗಳನ್ನು ತಂದು ಬಸದಿಯ ಎದುರಿನ ಜಗಲಿಯಲ್ಲಿ ಹರಡಿದಳು. ಕೊನೆಯ ಸಲದ ಅಳತೆಯೂ ಬೈಂಡಿಂಗೂ ಮಾತ್ರ ಬಾಕಿ. ನಾನು ಬಿಳಿ ಬಾಟ್ಲಿಯನ್ನು ಹಾಳೆಯ ಮೇಲೆಯೇ ಇಟ್ಟೆ.

"ಇದು ಯಾವ ನೀರು?"

"ತಮ್ಮನ ಬಾವಿಯದ್ದು. ಸೋಸದ್ದು."

"ಸೋಸದ್ದು ಅಂದ್ರೆ? ಎಲ್ಲವೂ ಸೋಸದ್ದೇ ಅಲ್ವಾ?"

"ಅಲ್ಲ."

ಅವಳು ನನ್ನ ಮುಖ ನೋಡಿದಳು, ಹೆಗಲ ಮೇಲಿದ್ದ ಬಟ್ಟೆ ನೋಡಿದಳು.

"ಎಷ್ಟು ಸಲ ಅಜ್ಜಿ?"

"ಎಂಟೂ ಸಲ."

ಅವಳು ಅಳಲಿಲ್ಲ, ಬೈಯಲಿಲ್ಲ. ಹಾಳೆಗಳನ್ನು ಒಂದೊಂದಾಗಿ ಜೋಡಿಸಿ ಅಂಚು ಸರಿಮಾಡಿದಳು. ಕೊನೆಗೆ ಹೇಳಿದಳು, "ಯಾರಿಗೂ ಹೇಳಬೇಡಿ. ಪುಸ್ತಕ ಕೊಟ್ಟಾಗಲಿ. ಜೂನಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನೇ ಎಂತಾದರೂ ಮಾಡ್ತೇನೆ."

"ಅಲ್ಲಿವರೆಗೆ ಬ್ಯಾರಿಯ ಮಕ್ಕಳು ಇದನ್ನೇ ಕುಡಿಯುವುದಾ?"

"ಕುದಿಸಿ ಕುಡಿಯಲಿಕ್ಕೆ ಹೇಳಿ."

"ನಾನು ಹೇಳಿದರೆ ಕೇಳುವುದಿಲ್ಲ. ನಿನ್ನ ಈ ಕಾಗದ ಹೇಳಿದ್ದನ್ನು ಕೇಳ್ತಾರೆ. ಅದು ನೀರು ಕುಡಿಯಿರಿ ಅಂತ ಹೇಳ್ತಾ ಉಂಟು."

"ನನ್ನ ಒಂದು ವರ್ಷ ಹೋಗ್ತದೆ ಅಜ್ಜಿ."

"ಹೋಗ್ತದೆ" ಎಂದೆ. ಬೇರೆ ಏನು ಹೇಳಲಿ? ಹೋಗುವುದು ನಿಜ, ಕಳೆದವಳು ನಾನು. "ಸೋಮವಾರ ನಿನ್ನ ಜೊತೆ ನಾನೂ ಬರ್ತೇನೆ. ನಿನ್ನ ಸರ್ ಹತ್ತಿರ ನಾನೇ ಮಾತಾಡ್ತೇನೆ."

ಭಾನುವಾರ ಅವಳು ನನ್ನ ಕೈಯ ಕಾಫಿ ಕುಡಿಯಲಿಲ್ಲ. ಸೋಮವಾರ ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ, ಎರಡು ಸೀಟು ಮುಂದೆ ಕೂತಳು. ಮೂಡುಬಿದಿರೆಯಲ್ಲಿ ಬಸ್ಸು ಖಾಲಿಯಾಗಿ ಪಕ್ಕದ ಸೀಟು ಸಿಕ್ಕಿತು, ಆದರೂ ಬರಲಿಲ್ಲ. ಬಾಟ್ಲಿಗಳ ಪೆಟ್ಟಿಗೆಯನ್ನು ನಾನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಘಾಟಿ ಕಡೆಯಿಂದ ಬಂದ ಯಾವುದೋ ಲಾರಿಗೆ ದಾರಿ ಬಿಡುವಾಗ ಬಸ್ಸು ಕುಲುಕಿತು, ಎರಡೂ ಕೈಯಿಂದ ಅಪ್ಪಿ ಹಿಡಿದೆ.

ಅವಳ ಸರ್ ಸಣ್ಣ ಪ್ರಾಯದವರು, ನನ್ನ ಮಗಳ ವಯಸ್ಸು. ಬಿಳಿ ಬಾಟ್ಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುಚ್ಚಳದ ಹತ್ತಿರ ಸ್ವಲ್ಪ ಕಂದು ಏರಿತ್ತು, ಬುಡ ಇನ್ನೂ ಬಿಳಿಯೇ.

"ಯಾಕೆ ಸೋಸಿದಿರಿ ಅಮ್ಮ?"

"ಅದರಲ್ಲಿ ಜೀವ ಉಂಟು. ನಿಮ್ಮ ಕಪ್ಪು ನೂಲಿನ ಮದ್ದಿಗೆ ಸಾಯ್ತವೆ."

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಬಟ್ಟೆಯಲ್ಲಿ ಯಾವಾಗ ಏನೇನು ಕಂಡಿತು ಎಂದು ಕೇಳಿದರು. ಹೇಳಿದೆ: ಡಿಸೆಂಬರಿನ ಕುಪ್ಪಳಿಸುವವು, ಫೆಬ್ರವರಿಯ ಕೆಂಪು ಹುಳ, ಲೋಳೆ, ಕೊನೆಗೆ ಖಾಲಿ. ಅವರು ಪೆನ್ನು ತೆಗೆದು ಬರೆದರು. ಎರಡು ಸಲ ನಿಲ್ಲಿಸಿ ತಾರೀಕು ಕೇಳಿದರು. ಬರೆದಾದ ಮೇಲೆ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟರು.

"ನೀವು ಹೇಳಿದ್ದು ಸರಿ ಅಂತ ನನಗೆ ಅನ್ನಿಸ್ತದೆ. ಆದರೆ ಇದು ಅಳತೆ ಅಲ್ಲ. ಇದನ್ನು ಪುಸ್ತಕಕ್ಕೆ ಹಾಕಲಿಕ್ಕೆ ಬರುವುದಿಲ್ಲ. ಆ ಎಂಟನ್ನೂ ಹೊಡೆದು ಹಾಕಬೇಕು."

ಮೊಮ್ಮಗಳ ಕಡೆ ತಿರುಗಿ, "ಮೊದಲಿನಿಂದ. ಮಳೆಗಾಲವನ್ನೂ ಸೇರಿಸಿ. ಬರುವ ವರ್ಷದವರ ಜೊತೆ ಪುಸ್ತಕ ಕೊಡು. ಒಪ್ಪಿಗೆಯಾ?" ಎಂದರು.

ಅವಳು ಆ ಟೈಪು ಮಾಡಿದ ಹಾಳೆಗಳನ್ನು ತೆಗೆದು ಅಂಕಿಗಳಿದ್ದ ಪುಟದ ಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗೆರೆ ಎಳೆದಳು. ಪ್ರಯೋಗಶಾಲೆಗೆ ಹೋಗಿ ಹೊಸ ಬಾಟ್ಲಿಗಳನ್ನೂ, ಬಾಟ್ಲಿ ಕೂರುವ, ಬುಡಕ್ಕೆ ಸೀಸದ ಭಾರ ಕಟ್ಟಿದ ಒಂದು ಡಬ್ಬಿಯನ್ನೂ ತಂದು ನನ್ನ ಕೈಗಿಟ್ಟಳು.

"ಇನ್ನು ಕೊಡಪಾನ ಬೇಡ. ಇದನ್ನೇ ಇಳಿಸಿ. ಸೋಸುವುದಾದರೆ ಈಗಲೇ ಹೇಳಿ, ಬೇರೆ ಯಾರನ್ನಾದರೂ ನೋಡ್ತೇನೆ."

"ಸೋಸುವುದಿಲ್ಲ" ಎಂದೆ.

ಸಂಜೆ ಬಸ್ಸಿಳಿದವಳು ಮೊದಲು ಅಂಗಡಿಗೆ ಹೋದೆ. ನೀರು ಕೆಟ್ಟಿದೆ, ಕುದಿಸಿಯೂ ಕುಡಿಯಬೇಡಿ, ನಮ್ಮ ಬಾವಿಯೂ ಎಷ್ಟು ದಿನವೋ ಗೊತ್ತಿಲ್ಲ, ದೂರದಿಂದ ತನ್ನಿ ಎಂದು ಬ್ಯಾರಿಗೆ ಹೇಳಿದೆ. ಅವರು ಏನೂ ಕೇಳದೆ ಒಳಗೆ ಹೋಗಿ ನೀರಿನ ಹಂಡೆ ಬೋರಲು ಹಾಕಿದ್ದು ಕೇಳಿಸಿತು. ಅಲ್ಲಿಂದ ತಮ್ಮನ ಮನೆಗೆ ಹತ್ತಿದೆ.

"ಟ್ಯಾಂಕರ್ ನಿಲ್ಲಿಸು."

"ನಿನ್ನ ಪುಳ್ಳಿಯೇ ಬರೆದಿದ್ದಾಳಲ್ಲ ಅಕ್ಕ, ಒಳ್ಳೇದುಂಟು ಅಂತ?"

"ಇವತ್ತು ಅವಳೇ ಹೊಡೆದು ಹಾಕಿದಳು."

"ಹಾಗಾದರೆ ಕೆಟ್ಟದುಂಟು ಅಂತ ಬರೆದ ಕಾಗದ ಎಲ್ಲಿ? ಅದನ್ನು ತೋರಿಸು, ನಾಳೆಯೇ ನಿಲ್ಲಿಸ್ತೇನೆ." ಅವನು ಕೋಪ ಮಾಡಲಿಲ್ಲ. ಲೋಟದಲ್ಲಿ ನೀರು ತಂದು ನನ್ನೆದುರು ಇಟ್ಟ. "ಗುಡ್ಡೆ ಹತ್ತಿ ಬಂದಿದ್ದೀ, ಕುಡಿ."

ಆ ಲೋಟವನ್ನು ಮುಟ್ಟದೆ ಎದ್ದು ಬಂದೆ. ಅಂಗಳದಲ್ಲಿ ಟ್ಯಾಂಕರಿನ ಚಕ್ರದ ಗುರುತು ಹೊಸದಿತ್ತು, ಅದರೊಳಗೆ ನೀರು ನಿಂತಿತ್ತು. ಮಳೆ ಬಾರದೆ ತಿಂಗಳುಗಳಾಗಿದ್ದವು.

ಮರುದಿನ ಬೆಳಿಗ್ಗೆ ಡಬ್ಬಿ ಹಿಡಿದು ಮೊದಲು ತಮ್ಮನ ಬಾವಿಗೇ ಹೋದೆ. ಬಿಳಿ ಬಂತು. ಬ್ಯಾರಿಯ ಬಾವಿಯದ್ದು ಬಿಳಿಗೂ ಕಂದಿಗೂ ನಡುವೆ. ಕೊನೆಗೆ ನಮ್ಮ ಬಾವಿ. ಬಾಟ್ಲಿ ಎಳೆದು ಬೆಳಕಿಗೆ ಹಿಡಿದೆ. ಒಳಗೆ ಸಾಸಿವೆಗಿಂತ ಸಣ್ಣದೊಂದು ಕುಪ್ಪಳಿಸುತ್ತಿತ್ತು. ಒಂದೇ ಒಂದು. ಮೇಲೆ ಬರುವುದು, ಕೆಳಗೆ ಹೋಗುವುದು, ಮತ್ತೆ ಮೇಲೆ ಬರುವುದು. ಬಟ್ಟೆ ಹೆಗಲ ಮೇಲೆಯೇ ಇತ್ತು. ಸ್ವಲ್ಪ ಹೊತ್ತು ನೋಡಿದೆ.

ಕೆಂಪು ನೂಲಿನದ್ದು ಹಾಕಿದೆ. ಕಪ್ಪು ನೂಲಿನದ್ದು ಹಾಕಿದೆ. ಮುಚ್ಚಿ ಹದಿನೈದು ಸಲ ತಿರುಗಿಸಿದೆ, ಎಣಿಕೆ ತಪ್ಪಲಿಲ್ಲ. ಕಂದು ಬಂತು. ಮೂರೂ ಬಾಟ್ಲಿಗಳ ಮೇಲೆ ಒಂದನೇ ಸಲ ಎಂದು ಬರೆದು ಪೆಟ್ಟಿಗೆಯಲ್ಲಿಟ್ಟು ಬಸ್ಸಿಗೆ ನಡೆದೆ.